ಯಾರ ಸರ್ವರ್, ಯಾರ ಹೊಣೆ?

ಮಂಡ್ಯ ಜಿಲ್ಲೆಯಲ್ಲಿ ಸರ್ವರ್ ಎಂಬ ಮಾತು ಕಿವಿಗೆ ಬೀಳದವರು ಈಗ ಯಾರೂ ಇರಲಾರರು. ಮದ್ದೂರಿನ ಉಪನೋಂದಣಿ ಕಚೇರಿಯಲ್ಲಿ, ಮಳವಳ್ಳಿ ಕಡೆಯ ನಾಡಕಚೇರಿಯಲ್ಲಿ, ಹೆಬ್ಬೆಟ್ಟು ಒತ್ತಲು ಸಾಲುಗಟ್ಟಿದ ನ್ಯಾಯಬೆಲೆ ಅಂಗಡಿಯ ಮುಂದೆ, "ಸರ್ವರ್ ಇಲ್ಲ ಕಣಣ್ಣ, ನಾಳೆ ಬಾ" ಎಂಬುದು ಮಳೆ ಬೆಳೆಯ ಮಾತಿನಷ್ಟೇ ಮಾಮೂಲಿ. ಆ ಸರ್ವರ್ ಎಲ್ಲಿದೆ, ಯಾರದು, ಕೆಟ್ಟರೆ ರಾತ್ರಿ ಎದ್ದು ನೋಡಬೇಕಾದವರು ಯಾರು ಎಂದು ಕೇಳಿದರೆ ಮಾತ್ರ ಕೌಂಟರಿನ ಒಳಗಿದ್ದವರಿಗೂ ಹೊರಗಿದ್ದವರಿಗೂ ಉತ್ತರ ಗೊತ್ತಿರುವುದಿಲ್ಲ. ಬೆಲ್ಲದ ವ್ಯಾಪಾರಿಯೋ, ಶಾಲೆ ನಡೆಸುವ ಟ್ರಸ್ಟೋ, ಪತ್ತಿನ ಸಹಕಾರ ಸಂಘವೋ ತನ್ನದೊಂದು ವೆಬ್‌ಸೈಟ್ ಮಾಡಿಸಲು ಹೊರಟಾಗ ಕೇಳಬೇಕಾದದ್ದೂ ಇದೇ ಪ್ರಶ್ನೆ. ಆದರೆ ಆಗ ಎಲ್ಲರೂ ವಿಚಾರಿಸುವುದು ದರವನ್ನು, ಎಷ್ಟು ಜಿಬಿ ಜಾಗ ಸಿಗುತ್ತದೆ ಎಂಬುದನ್ನು. ಶೇರ್ಡ್, ವಿಪಿಎಸ್, ಡೆಡಿಕೇಟೆಡ್, ಕ್ಲೌಡ್ ಎಂದು ಹೋಸ್ಟಿಂಗ್ ಕಂಪನಿಗಳು ಮುಂದಿಡುವ ಪಟ್ಟಿಯನ್ನು ಅಗ್ಗದ ಮಾಲು, ಮಧ್ಯಮ ಮಾಲು, ದುಬಾರಿ ಮಾಲು ಎಂದು ಓದಿಕೊಳ್ಳುವುದು ರೂಢಿಯಾಗಿದೆ. ಹಾಗೆ ಓದುವುದು ತಪ್ಪು ಎಂಬುದು ಈ ಬರಹದ ವಾದ. ಇವುಗಳ ನಡುವೆ ನಿಜವಾಗಿ ಬದಲಾಗುವುದು ಕೆಲಸದ ಹಂಚಿಕೆ: ಯಂತ್ರ ನೋಡಿಕೊಳ್ಳುವವರು ಯಾರು, ಕಳ್ಳರನ್ನು ತಡೆಯುವವರು ಯಾರು, ಹಾಳಾದರೆ ಮತ್ತೆ ಕಟ್ಟುವವರು ಯಾರು. ಇದಕ್ಕೆ ಉತ್ತರ ಸಿಕ್ಕರೆ ಯಾವ ಬಗೆ ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಸರ್ವರ್ ಎಂದರೆ ಸದಾ ಚಾಲೂ ಇರುವ, ಸದಾ ಇಂಟರ್‌ನೆಟ್ಟಿಗೆ ಜೋಡಿಸಿದ ಒಂದು ಕಂಪ್ಯೂಟರ್, ಅಷ್ಟೆ. ಫೋನಿನ ಬ್ರೌಸರ್ ಒಂದು ವಿಳಾಸ ಕೇಳಿದಾಗ ಆ ಪುಟವನ್ನು ಹುಡುಕಿ ಕಳಿಸುವುದು ಅದರ ಕೆಲಸ. ಜಗತ್ತಿನ ಮೊದಲ ವೆಬ್ ಸರ್ವರ್ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಬಳಸುತ್ತಿದ್ದ ನೆಕ್ಸ್ಟ್ ಕಂಪ್ಯೂಟರ್. ಇದು ಸರ್ವರ್, ಆರಿಸಬೇಡಿ ಎಂದು ಕೈಯಲ್ಲಿ ಬರೆದ ಚೀಟಿಯೊಂದನ್ನು ಅದರ ಮೇಲೆ ಅಂಟಿಸಿದ್ದರು. ಗುಡಿಸಲು ಬಂದವರು ಪ್ಲಗ್ ಕಿತ್ತರೆ ಆ ಹೊತ್ತಿನ ವೆಬ್ ಪೂರ್ತಿ ಆರಿಹೋಗುತ್ತಿತ್ತು. ಮೂರು ದಶಕಗಳ ಬಳಿಕ ಯಂತ್ರಗಳ ಶಕ್ತಿ ಲೆಕ್ಕವಿಲ್ಲದಷ್ಟು ಹೆಚ್ಚಿದ್ದರೂ ಆ ಚೀಟಿಯ ಕೆಲಸ ಮುಗಿದಿಲ್ಲ. ಹೋಸ್ಟಿಂಗ್ ಕಂಪನಿಗೆ ನಾವು ಕೊಡುವ ಹಣದ ಬಹುಪಾಲು ಪ್ಲಗ್ ಕೀಳದಂತೆ ಕಾಯುವುದಕ್ಕೆ ಹೋಗುತ್ತದೆ: ಎರಡು ಕಡೆಯಿಂದ ಕರೆಂಟು, ಡೀಸೆಲ್ ಜನರೇಟರ್, ತಂಪು ಕೋಣೆ, ಎರಡು ಮೂರು ಫೈಬರ್ ದಾರಿ, ಪಾಳಿಯಲ್ಲಿ ಎಚ್ಚರವಿರುವ ಜನ. ಡಿಸ್ಕಿನ ಜಾಗ ಇವತ್ತು ಎಷ್ಟು ಅಗ್ಗವೆಂದರೆ ಅದನ್ನು ಮುಂದಿಟ್ಟು ದರ ಹೇಳುವುದು ಗಿರಾಕಿಯ ಗಮನ ಬೇರೆಡೆಗೆ ಎಳೆಯುವ ಜಾಣತನವೇ ಸರಿ.

ಈ ಹೊಣೆಯ ಪ್ರಶ್ನೆಗೆ ಒಳ್ಳೆಯ ಸಾಕ್ಷಿ ಬೇಕಿದ್ದರೆ ಬೆಂಗಳೂರಿನ ಐಟಿ ಕಂಪನಿಗಳತ್ತ ನೋಡಬೇಕಿಲ್ಲ. ಮದ್ದೂರಿನ ತಾಲ್ಲೂಕು ಕಚೇರಿ ಸಾಕು. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ರಾಜ್ಯಕ್ಕೆಲ್ಲ ಹರಡುವ ಮುನ್ನ ಅದರ ಪ್ರಯೋಗ ನಡೆದ ತಾಲ್ಲೂಕು ಮದ್ದೂರು. 2002ರ ಹೊತ್ತಿಗೆ ಅದು ಆಗಿನ 177 ತಾಲ್ಲೂಕುಗಳನ್ನೂ ಮುಟ್ಟಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿನಲ್ಲಿದ್ದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕೌಂಟರಿನಲ್ಲಿ ಎರಡು ಪರದೆ ಇರುತ್ತಿದ್ದವು. ಒಂದು ನೌಕರನತ್ತ, ಇನ್ನೊಂದು ರೈತನತ್ತ ತಿರುಗಿಸಿದ್ದು. ತನ್ನ ಸರ್ವೆ ನಂಬರಿನ ಎದುರು ಏನು ಟೈಪಾಗುತ್ತಿದೆ ಎಂದು ರೈತ ಕಣ್ಣಾರೆ ನೋಡಬಹುದಿತ್ತು. ದಾಖಲೆ ತಿದ್ದುವ ಸಿಬ್ಬಂದಿ ಪಾಸ್‌ವರ್ಡಿನ ಜೊತೆಗೆ ಬೆರಳಚ್ಚನ್ನೂ ಕೊಡಬೇಕಿತ್ತು, ಆಮೇಲೆ ನಾನಲ್ಲ ಎನ್ನುವಂತಿರಲಿಲ್ಲ. ಈ ಎಲ್ಲದರ ಹಿಂದೆ ಅದೇ ಕಟ್ಟಡದಲ್ಲಿ ಆ ತಾಲ್ಲೂಕಿನದೇ ಸರ್ವರ್ ಇತ್ತು. ಮದ್ದೂರಿನ ಜಮೀನಿನ ಲೆಕ್ಕ ಮದ್ದೂರಿನ ಯಂತ್ರದಲ್ಲಿ, ಮಳವಳ್ಳಿಯದು ಮಳವಳ್ಳಿಯಲ್ಲಿ. ಹೋಸ್ಟಿಂಗಿನ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ತಾಲ್ಲೂಕಿಗೂ ತನ್ನ ಡೆಡಿಕೇಟೆಡ್ ಸರ್ವರ್, ಅದೂ ತನ್ನ ಮನೆಯೊಳಗೇ.

ಆ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ ಆಗಿತ್ತು. ತಾಲ್ಲೂಕುಗಳನ್ನು ಬೆಂಗಳೂರಿಗೆ ಜೋಡಿಸುವ ನೆಚ್ಚಿಕೊಳ್ಳಬಹುದಾದ ಜಾಲವೇ ಆಗ ಇರಲಿಲ್ಲ. ಆದರೆ ಯಂತ್ರ ಹತ್ತಿರ ಇದ್ದರೆ ಅದರ ರಗಳೆಯೂ ಹತ್ತಿರವೇ. ಯುಪಿಎಸ್ ಬ್ಯಾಟರಿ ಸತ್ತರೆ ಬದಲಿಸುವುದು, ಡಿಸ್ಕ್ ಕೆಟ್ಟರೆ ತಂತ್ರಜ್ಞನನ್ನು ಕರೆಸುವುದು, ದಿನದ ಬ್ಯಾಕಪ್ ನಿಜವಾಗಿ ಆಗಿದೆಯೇ ಎಂದು ನೋಡುವುದು, ಇವೆಲ್ಲ ಕಂದಾಯದ ಕೆಲಸಕ್ಕೆಂದು ನೇಮಕವಾದ ಕಚೇರಿಯ ಮೇಲೆ ಬಿದ್ದವು. ಪಕ್ಕದ ತಾಲ್ಲೂಕಿನ ಪಹಣಿ ಬೇಕಾದರೆ ಪಕ್ಕದ ತಾಲ್ಲೂಕಿಗೇ ಹೋಗಬೇಕಿತ್ತು. ಬ್ಯಾಂಕಿನವರು ಸಾಲ ಕೊಡುವ ಮೊದಲು ದಾಖಲೆಯನ್ನು ತಾವು ಕೂತಲ್ಲಿಂದಲೇ ನೋಡುವಂತಿರಲಿಲ್ಲ. ಸರ್ಕಾರಿ ಕಚೇರಿಗಳನ್ನು ಬೆಸೆಯುವ ಕೆಸ್ವಾನ್ ಜಾಲ ತಾಲ್ಲೂಕುಗಳನ್ನು ತಲುಪಿದ ಮೇಲೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಪಹಣಿ ನಾಡಕಚೇರಿಯಲ್ಲೂ, ಕೊನೆಗೆ ಮನೆಯ ಕಂಪ್ಯೂಟರಿನಲ್ಲೂ ಸಿಗುವಂತಾದದ್ದು ಆ ಸ್ಥಳಾಂತರದಿಂದಲೇ. ಸರ್ವರ್ ದೂರ ಹೋದಷ್ಟೂ ಸೇವೆ ಹತ್ತಿರ ಬಂತು ಎಂಬುದು ವಿಚಿತ್ರವಾಗಿ ಕೇಳಿಸಿದರೂ ಆದದ್ದು ಹಾಗೆಯೇ.

ಈ ಜಿಲ್ಲೆಗೆ ಇಂಥ ಸ್ಥಳಾಂತರ ಹೊಸದೂ ಅಲ್ಲ. ಕೋಲಾರದ ಚಿನ್ನದ ಗಣಿಗಳು ಒಂದು ಕಾಲದಲ್ಲಿ ತಮ್ಮ ಆವರಣದಲ್ಲೇ ಉಗಿಯಂತ್ರ ಇಟ್ಟುಕೊಂಡು, ಅದಕ್ಕೆ ಸೌದೆ ಕಲ್ಲಿದ್ದಲು ಹೊಂಚಿಕೊಂಡು ಓಡಿಸುತ್ತಿದ್ದವು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಶುರುವಾಗಿ, ಸುಮಾರು 147 ಕಿಲೋಮೀಟರ್ ಉದ್ದದ ತಂತಿಯ ಮೇಲೆ ಗಣಿಗೆ ಕರೆಂಟು ಹೋಯಿತು. 1905ರಲ್ಲಿ ಅದೇ ಕರೆಂಟು ಬೆಂಗಳೂರಿನ ಬೀದಿ ಬೆಳಗಿಸಿತು. ಗಣಿಯವರು ಗಣಿಯ ಕೆಲಸ ನೋಡಿಕೊಂಡರು, ಟರ್ಬೈನಿನ ಗೊಡವೆ ಶಿವನಸಮುದ್ರದವರದಾಯಿತು. ಅದೇ ಸೀಮೆಯ ಸಕ್ಕರೆ ಕಾರ್ಖಾನೆಗಳು ಮಾತ್ರ ಇಂದಿಗೂ ಕಬ್ಬಿನ ಸಿಪ್ಪೆ ಸುಟ್ಟು ಸ್ವಂತ ಕರೆಂಟು ಮಾಡಿಕೊಳ್ಳುತ್ತವೆ, ಅದಕ್ಕೂ ಕಾರಣವಿದೆ: ಉರುವಲು ಅವರ ಅಂಗಳದಲ್ಲೇ ಬೀಳುತ್ತದೆ, ಬಾಯ್ಲರ್ ನೋಡುವ ಎಂಜಿನಿಯರು ಹೇಗೂ ಇದ್ದಾರೆ, ಹಂಗಾಮು ಪೂರ್ತಿ ಬೇಡಿಕೆ ಒಂದೇ ಸಮ ಇರುತ್ತದೆ. ಹೋಸ್ಟಿಂಗಿನಲ್ಲೂ ಸ್ವಂತ ಯಂತ್ರ ಯಾರಿಗೆ ಒಪ್ಪುತ್ತದೆ ಎಂಬುದಕ್ಕೆ ಇಷ್ಟೇ ಲಕ್ಷಣ. ಆದರೆ ಈ ಹೋಲಿಕೆ ಒಂದು ಕಡೆ ಮುರಿದು ಬೀಳುತ್ತದೆ, ಮುರಿಯುವ ಜಾಗವೇ ಮುಖ್ಯ. ಉರಿದ ದೀಪದ ಯಾವ ಗುರುತೂ ಶಿವನಸಮುದ್ರದಲ್ಲಿ ಉಳಿಯುವುದಿಲ್ಲ. ದತ್ತಾಂಶದ ಮಾತು ಬೇರೆ. ಸಂಘದ ಸದಸ್ಯರ ಪಟ್ಟಿ, ಶಾಲೆಯ ಹತ್ತು ವರ್ಷದ ಫೋಟೊ, ಅಂಗಡಿಯ ಗಿರಾಕಿಗಳ ವಿಳಾಸ, ಎಲ್ಲವೂ ಬೇರೆಯವರ ಯಂತ್ರದಲ್ಲೇ ಕೂತಿರುತ್ತವೆ. ಆದ್ದರಿಂದ ಯಂತ್ರವನ್ನು ಧಾರಾಳವಾಗಿ ಪರರಿಗೆ ಬಿಡಬಹುದು. ವಿಳಾಸದ ಹೆಸರು ಮತ್ತು ದತ್ತಾಂಶದ ಒಂದು ಪ್ರತಿ ಮಾತ್ರ ನಮ್ಮ ಕೈಯಲ್ಲೇ ಇರಬೇಕು. ಮುಂದಿನ ಎಲ್ಲ ಬಗೆಗಳನ್ನೂ ಈ ಕಣ್ಣಿನಿಂದ ನೋಡೋಣ.

ಶೇರ್ಡ್ ಹೋಸ್ಟಿಂಗಿನಲ್ಲಿ ಒಂದೇ ಯಂತ್ರದ ಮೇಲೆ ನೂರಾರು ವೆಬ್‌ಸೈಟ್ ಇರುತ್ತವೆ. ಒಂದೇ ಐಪಿ ವಿಳಾಸಕ್ಕೆ ಬಂದ ಬೇಡಿಕೆಗಳಲ್ಲಿ ಯಾವುದು ಯಾರಿಗೆ ಎಂದು ಸರ್ವರಿಗೆ ತಿಳಿಯುವುದು ಹೇಗೆ? ಬ್ರೌಸರ್ ಕಳಿಸುವ ಪ್ರತಿ ಬೇಡಿಕೆಯ ತಲೆಯಲ್ಲೂ ಯಾವ ಸೈಟ್ ಬೇಕು ಎಂಬ ಹೆಸರಿರುತ್ತದೆ; 1997ರಲ್ಲಿ ಬಂದ ಎಚ್‌ಟಿಟಿಪಿ 1.1 ನಿಯಮ ಇದನ್ನು ಕಡ್ಡಾಯ ಮಾಡಿತು. ಆ ಒಂದು ಸಾಲಿನ ಬಲದಿಂದಲೇ ತಿಂಗಳಿಗೆ ನೂರಿನ್ನೂರು ರೂಪಾಯಿಯ ಹೋಸ್ಟಿಂಗ್ ಸಾಧ್ಯವಾದದ್ದು. ಇಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ಅಪ್‌ಡೇಟ್, ಡಿಸ್ಕ್, ಕರೆಂಟು, ಜಾಲ ಎಲ್ಲ ಕಂಪನಿಯ ಪಾಲು. ಸೈಟಿನ ಒಳಗಿನ ತಂತ್ರಾಂಶವಷ್ಟೇ ನಿಮ್ಮದು. ತೊಂದರೆ ಇಲ್ಲವೆಂದಲ್ಲ. ಅದೇ ಯಂತ್ರದ ಇನ್ನೊಬ್ಬರ ಸೈಟಿಗೆ ಜನ ನುಗ್ಗಿದರೆ ನಿಮ್ಮದು ನಿಧಾನವಾಗುತ್ತದೆ. ಮೊದಲ ವರ್ಷದ ದರ ನೋಡಿ ಕೊಂಡವರು ನವೀಕರಣದ ಬಿಲ್ಲು ಎರಡು ಮೂರು ಪಟ್ಟಾದಾಗ ಕಣ್ಣು ಬಿಡುತ್ತಾರೆ. ಆದರೂ ಮದ್ದೂರಿನ ಖಾಸಗಿ ಶಾಲೆಗೆ, ಶಿವನಸಮುದ್ರದ ದಾರಿಯ ವಸತಿಗೃಹಕ್ಕೆ, ಮಂಡ್ಯದ ವಕೀಲರ ಕಚೇರಿಗೆ ಇದು ಸಾಕೇ ಎಂದರೆ, ಧಾರಾಳವಾಗಿ ಸಾಕು. ದಿನಕ್ಕೆ ಕೆಲವು ನೂರು ಜನ ನೋಡುವ ಸೈಟಿಗೆ ಇದಕ್ಕಿಂತ ದೊಡ್ಡದನ್ನು ಮಾರುವವರು ತಮ್ಮ ಲಾಭ ನೋಡಿಕೊಳ್ಳುತ್ತಿದ್ದಾರೆ. ಸೈಟ್ ನಿಧಾನ ಎಂದು ದೂರುವ ಮೊದಲು ಮುಖಪುಟದ ಚಿತ್ರ ನೋಡಬೇಕು. ಅಚ್ಚು ಬೆಲ್ಲದ ಫೋಟೊವನ್ನು ಫೋನಿನಿಂದ ಹಾಗೇ ಏರಿಸಿ, ಒಂದೊಂದೂ ನಾಲ್ಕೈದು ಎಂಬಿ ತೂಗುತ್ತಿದ್ದರೆ ಯಾವ ಸರ್ವರ್ ತಂದರೂ ಹಳ್ಳಿಯ ಫೋನಿನಲ್ಲಿ ಪುಟ ತೆರೆದುಕೊಳ್ಳುವುದಿಲ್ಲ.

ಸಣ್ಣ ಊರಿನಲ್ಲಿ ಹೋಸ್ಟಿಂಗ್ ನೇರವಾಗಿ ಕಂಪನಿಯಿಂದ ಬರುವುದು ಕಡಿಮೆ, ಮಧ್ಯೆ ಒಬ್ಬರು ಇರುತ್ತಾರೆ. ಇದಕ್ಕೆ ರಿಸೆಲ್ಲರ್ ಹೋಸ್ಟಿಂಗ್ ಎನ್ನುತ್ತಾರೆ. ವೆಬ್‌ಸೈಟ್ ಮಾಡಿಕೊಡುವ ಹುಡುಗನೊಬ್ಬ ಕಂಪನಿಯಿಂದ ಸಗಟಾಗಿ ಜಾಗ ಪಡೆದು ಅದರಲ್ಲಿ ತನ್ನ ಗಿರಾಕಿಗಳ ಸೈಟುಗಳನ್ನು ಇಟ್ಟಿರುತ್ತಾನೆ. ಈ ಏರ್ಪಾಟನ್ನು ಹೀಗಳೆಯಲು ಕಾರಣವಿಲ್ಲ. ಕನ್ನಡದಲ್ಲಿ ಮಾತಾಡುವ, ಕರೆದರೆ ಬರುವ ಮನುಷ್ಯ ಇರುವುದು ದೊಡ್ಡ ಅನುಕೂಲ. ಎಡವಟ್ಟಾಗುವುದು ಬಿಲ್ಲಿನಲ್ಲಿ. 'ವೆಬ್‌ಸೈಟ್ ಚಾರ್ಜಸ್' ಎಂಬ ಒಂದೇ ಸಾಲು, ಅದರ ಎದುರು ಒಂದು ಮೊತ್ತ. ಅದರೊಳಗೆ ಕನಿಷ್ಠ ಮೂರು ಬೇರೆ ಬೇರೆ ವಸ್ತುಗಳಿವೆ: ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಡೊಮೇನ್ ಎಂಬ ವಿಳಾಸದ ಹೆಸರು, ಹೋಸ್ಟಿಂಗ್, ಮತ್ತು ಆ ಹುಡುಗನ ದುಡಿಮೆ. ಹೋಸ್ಟಿಂಗನ್ನು ಯಾವಾಗ ಬೇಕಾದರೂ ಬದಲಿಸಬಹುದು, ದುಡಿಯುವವರನ್ನೂ ಬದಲಿಸಬಹುದು. ಹೆಸರು ಹೋದರೆ ಎಲ್ಲ ಹೋಯಿತು. ಡೊಮೇನ್ ಯಾರ ಹೆಸರು, ಇಮೇಲ್‌ನಲ್ಲಿ ನೋಂದಣಿಯಾಗಿದೆಯೋ ಅವರೇ ನೋಂದಣಿ ಪುಸ್ತಕದ ಪ್ರಕಾರ ಅದರ ಒಡೆಯರು. ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ, ನವೀಕರಣದ ಎಚ್ಚರಿಕೆಗಳು ಅವನು ತೆರೆದು ನೋಡದ ಇಮೇಲ್‌ಗೆ ಬೀಳುತ್ತಾ ಹೋದರೆ, ಅವಧಿ ಮುಗಿದ ಮೇಲಿನ ಕೆಲವು ವಾರಗಳ ರಿಯಾಯಿತಿಯೂ ಕಳೆದು ಹೆಸರು ಮತ್ತೆ ಮಾರಾಟಕ್ಕೆ ಬರುತ್ತದೆ. ಹೀಗೆ ಖಾಲಿಯಾಗುವ ಹೆಸರುಗಳನ್ನೇ ಕಾದು ಕೊಂಡು ಜೂಜಿನ ಜಾಹೀರಾತು ಹಾಕುವ ದಂಧೆ ಜಗತ್ತಿನಾದ್ಯಂತ ಇದೆ. ಶಾಲೆಯ ಲೆಟರ್‌ಹೆಡ್ಡಿನ ಮೇಲಿನ ವಿಳಾಸ ಒತ್ತಿದರೆ ಇಸ್ಪೀಟು ಕಾಣಿಸಿಕೊಳ್ಳುವುದು ಹೀಗೆ.

ವಿಪಿಎಸ್ ಎಂಬುದರ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಒಂದು ದೊಡ್ಡ ಯಂತ್ರವನ್ನು ತಂತ್ರಾಂಶದ ಮೂಲಕ ಹಲವು ಚಿಕ್ಕ ಯಂತ್ರಗಳಂತೆ ಬಿಡಿಸಿ, ಪ್ರತಿಯೊಂದಕ್ಕೂ ಇಷ್ಟು ಮೆಮೊರಿ, ಇಷ್ಟು ಪ್ರೊಸೆಸರ್ ಎಂದು ಗೊತ್ತುಮಾಡಿ ಕೊಡುತ್ತಾರೆ. ಅದರ ಆಪರೇಟಿಂಗ್ ಸಿಸ್ಟಮ್ ನಿಮ್ಮದು, ಪೂರ್ತಿ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ನಿಮ್ಮದು. ಶೇರ್ಡಿಗಿಂತ ತುಸು ಹೆಚ್ಚು ಕೊಟ್ಟರೆ ಸಿಗುತ್ತದೆ ಎಂದು ಇದನ್ನು ಮುಂದಿನ ಮೆಟ್ಟಿಲು ಎಂದುಕೊಳ್ಳುತ್ತಾರೆ. ಆದರೆ ಹೊಣೆಯ ಲೆಕ್ಕದಲ್ಲಿ ಇದು ದೊಡ್ಡ ಜಿಗಿತ: ನಿನ್ನೆಯವರೆಗೆ ಕಂಪನಿ ಮಾಡುತ್ತಿದ್ದ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್, ಲಾಗ್ ನೋಡುವ ಕೆಲಸ ಇಂದಿನಿಂದ ನಿಮ್ಮದು. ಹೊಸ ವಿಪಿಎಸ್ ಒಂದನ್ನು ಇಂಟರ್‌ನೆಟ್ಟಿಗೆ ಬಿಟ್ಟು ಅದರ ಲಾಗ್ ತೆರೆದರೆ, ರೂಟ್, ಅಡ್ಮಿನ್, ಟೆಸ್ಟ್ ಎಂಬ ಹೆಸರುಗಳಲ್ಲಿ ಒಳನುಗ್ಗಲು ಯಾರೋ ಸಾಲುಸಾಲಾಗಿ ಯತ್ನಿಸುತ್ತಿರುವುದು ಹೆಚ್ಚು ಹೊತ್ತು ಕಾಯದೆಯೇ ಕಾಣುತ್ತದೆ. ಅವರು ಮಂಡ್ಯದ ಮೇಲೆ ಹಗೆ ಇದ್ದವರಲ್ಲ. ಎಲ್ಲ ಬಾಗಿಲುಗಳನ್ನೂ ತಟ್ಟುತ್ತಾ ಹೋಗುವ ಯಂತ್ರಗಳು. ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದುತ್ತಿರುವ ಹುಡುಗ ಹುಡುಗಿಯರಿಗೆ ಕಲಿಯಲು ವಿಪಿಎಸ್‌ಗಿಂತ ಒಳ್ಳೆಯ ಶಾಲೆ ಇಲ್ಲ. ಲೆಕ್ಕ ಬರೆಯುವ ಗುಮಾಸ್ತರೊಬ್ಬರೇ ಕಂಪ್ಯೂಟರ್ ಬಲ್ಲವರಾದ ಸಂಘಕ್ಕೆ ಮಾತ್ರ ಅದು ಬೇಡದ ಉಪದ್ರವ.

ಡೆಡಿಕೇಟೆಡ್ ಸರ್ವರಿನಲ್ಲಿ ಇಡೀ ಯಂತ್ರ ಒಬ್ಬರಿಗೇ ಬಾಡಿಗೆಗೆ. ಕೊಲೊಕೇಶನ್ನಿನಲ್ಲಿ ಯಂತ್ರವೂ ನಿಮ್ಮದೇ, ಇಡುವ ಕೋಣೆ ಮಾತ್ರ ಅವರದು. ಇವೆರಡೂ ಜಿಲ್ಲೆಯ ಹೆಚ್ಚಿನವರಿಗೆ ಸಂಬಂಧಪಟ್ಟವಲ್ಲ. ಕ್ಲೌಡ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈಗ ಯಾವುದನ್ನು ಮಾರುವಾಗಲೂ ಆ ಪದ ಮುಂದೆ ಬರುತ್ತದೆ. 2006ರಲ್ಲಿ ಅಮೆಜಾನ್ ತನ್ನ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಹೊರಗಿನವರಿಗೆ ಕೊಡತೊಡಗಿದಾಗ ಈ ಬಗೆ ಬೆಳೆಯಿತು. 2016ರಲ್ಲಿ ಅದರ ಮುಂಬೈ ಕೇಂದ್ರ ತೆರೆಯಿತು. ಬೇಡಿಕೆ ಏರಿದಾಗ ಹತ್ತು ಯಂತ್ರ, ಇಳಿದಾಗ ಒಂದು, ಓಡಿದಷ್ಟಕ್ಕೆ ಹಣ. ವರ್ಷವಿಡೀ ಮಂಕಾಗಿದ್ದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ಒಟ್ಟಿಗೆ ತೆರೆಯುವ ತಾಣಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಟಿಲ್ಲ. ದಿನವೂ ಒಂದೇ ಸಮ ಬೇಡಿಕೆ ಇರುವವರಿಗೆ ಇದೇ ದುಬಾರಿ. ಬೇಸ್‌ಕ್ಯಾಂಪ್ ತಂತ್ರಾಂಶ ಮಾಡುವ ಅಮೆರಿಕದ 37ಸಿಗ್ನಲ್ಸ್ ಕಂಪನಿ 2022ರಲ್ಲಿ ಕ್ಲೌಡ್ ಬಿಟ್ಟು ಸ್ವಂತ ಯಂತ್ರಗಳಿಗೆ ಮರಳುವುದಾಗಿ ಹೇಳಿದ್ದು ಈ ಲೆಕ್ಕದ ಮೇಲೆಯೇ. ಅವರ ಬಳಿ ಯಂತ್ರ ನೋಡುವ ಜನ ಇದ್ದರು ಎಂಬುದನ್ನು ಮರೆಯಬಾರದು. ಸಕ್ಕರೆ ಕಾರ್ಖಾನೆಯ ಜಾತಿಗೆ ಸೇರಿದವರು ಅವರು. ಕ್ಲೌಡಿನ ಇನ್ನೊಂದು ಗುಣವೆಂದರೆ ಬಿಲ್ಲಿಗೆ ಮಿತಿ ಇಲ್ಲದಿರುವುದು. ಶೇರ್ಡ್ ಸೈಟಿಗೆ ಕಳ್ಳ ಬೇಡಿಕೆಗಳು ನುಗ್ಗಿದರೆ ಸೈಟ್ ಬೀಳುತ್ತದೆ. ಕ್ಲೌಡಿನಲ್ಲಿ ಕಟ್ಟು ಹಾಕದಿದ್ದರೆ ಸೈಟ್ ಬೀಳದೆ ನಡೆಯುತ್ತದೆ, ಬಿಲ್ಲು ಏರುತ್ತದೆ.

ಇನ್ನು ಆಕ್ಷೇಪಗಳು. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಒಂದೇ ಪೆಟ್ಟಿಗೆ ಎಲ್ಲರೂ ಬೀಳುವುದಿಲ್ಲವೇ ಎಂಬುದು ಇವುಗಳಲ್ಲಿ ತೂಕವಾದದ್ದು. ಬೀಳುತ್ತಾರೆ. 2025ರ ಜನವರಿ ಕೊನೆಯಲ್ಲಿ ಆಸ್ತಿ ನೋಂದಣಿಯ 'ಕಾವೇರಿ 2.0' ತಾಣದ ಮೇಲೆ ದಾಳಿಯಾಯಿತು. ನಕಲಿ ಖಾತೆಗಳಿಂದ ಋಣಭಾರ ಪತ್ರ ಹುಡುಕುವ ಸುಳ್ಳು ಬೇಡಿಕೆಗಳನ್ನು ಯಂತ್ರಗಳು ಸುರಿದು ವ್ಯವಸ್ಥೆಯನ್ನು ಉಸಿರುಗಟ್ಟಿಸಿದವು. ಮಂಡ್ಯದಲ್ಲಿ ಸೈಟು ಕೊಳ್ಳಲು ಬಂದವರೂ ಬೀದರಿನವರೂ ಒಟ್ಟಿಗೆ ಕಾದರು. ತಾಲ್ಲೂಕು ಸರ್ವರಿನ ಕಾಲದಲ್ಲಿ ಮದ್ದೂರು ಕೆಟ್ಟರೆ ಮಳವಳ್ಳಿ ನಡೆಯುತ್ತಿತ್ತು. ಇನ್ನೂ ಘೋರವಾದದ್ದು 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ನಡೆಯಿತು. ಸರ್ಕಾರಿ ದತ್ತಾಂಶ ಕೇಂದ್ರದ ಬ್ಯಾಟರಿಗೆ ಬೆಂಕಿ ಬಿದ್ದು ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ದತ್ತಾಂಶಕ್ಕೆ ಹೊರಗಿನ ಪ್ರತಿಯೇ ಇರಲಿಲ್ಲ, ಸುಟ್ಟುಹೋಯಿತು. ಆದರೆ ಈ ಸಾಕ್ಷಿಗಳು ಹೇಳುವುದು ತಾಲ್ಲೂಕು ಯಂತ್ರಕ್ಕೆ ಹಿಂತಿರುಗಿ ಎಂದಲ್ಲ. ಮದ್ದೂರಿನ ಕೋಣೆಯಲ್ಲೂ ಬೆಂಕಿ ಬೀಳಬಹುದಿತ್ತು, ಆಗ ಅಲ್ಲಿ ಆರಿಸುವವರೂ ಕಡಿಮೆ ಇರುತ್ತಿದ್ದರು. ಕೊರಿಯಾದಲ್ಲಿ ಕೊರತೆಯಾದದ್ದು ಎರಡನೆಯ ಪ್ರತಿ. ಅದು ಎಷ್ಟು ದೊಡ್ಡ ಕೇಂದ್ರಕ್ಕೂ, ಎಷ್ಟು ಚಿಕ್ಕ ಕಚೇರಿಗೂ ಒಂದೇ ರೀತಿ ಬೇಕು.

ಖಾಸಗಿ ಹೋಸ್ಟಿಂಗಿನಲ್ಲಿ ಇದೇ ಪಾಠ 2021ರ ಮಾರ್ಚ್ 10ರಂದು ಸಿಕ್ಕಿತ್ತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಐದು ಅಂತಸ್ತಿನ ದತ್ತಾಂಶ ಕೇಂದ್ರ ಪೂರ್ತಿ ಉರಿದುಹೋಯಿತು. ಬ್ಯಾಕಪ್‌ಗೆಂದು ಬೇರೆ ಹಣ ಕೊಟ್ಟಿದ್ದ ಕೆಲವರ ಪ್ರತಿಗಳೂ ಅದೇ ಆವರಣದಲ್ಲಿದ್ದು ನಾಶವಾದವು, ವಿಷಯ ಕೋರ್ಟಿಗೆ ಹೋಯಿತು. ಕಂಪನಿಗಳು ಕೊಡುವ ಶೇಕಡಾ 99.9ರ ಭರವಸೆಯನ್ನೂ ಬಿಡಿಸಿ ನೋಡಬೇಕು. ಅದರರ್ಥ ವರ್ಷದಲ್ಲಿ 8 ಗಂಟೆ 46 ನಿಮಿಷ ಸೈಟ್ ಮುಚ್ಚಿದ್ದರೂ ಮಾತು ತಪ್ಪಿದಂತಲ್ಲ. ಶೇಕಡಾ 99 ಎಂದರೆ ಮೂರೂವರೆ ದಿನಕ್ಕಿಂತ ಹೆಚ್ಚು. ಮಾತು ತಪ್ಪಿದರೂ ಸಾಮಾನ್ಯವಾಗಿ ಸಿಗುವುದು ಬಾಡಿಗೆಯಲ್ಲಿ ಒಂದು ಪಾಲಿನ ರಿಯಾಯಿತಿ, ಕೆಟ್ಟ ವ್ಯಾಪಾರಕ್ಕೆ ಪರಿಹಾರವಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಸೈಟಿನ ಪೂರ್ತಿ ಪ್ರತಿಯನ್ನು ಕಚೇರಿಯ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳುವುದು, ವರ್ಷಕ್ಕೊಮ್ಮೆಯಾದರೂ ಅದನ್ನು ಬೇರೆ ಕಡೆ ಏರಿಸಿ ಓಡುತ್ತದೆಯೇ ಎಂದು ನೋಡುವುದು, ಯಾವ ದುಬಾರಿ ಪ್ಲಾನಿಗಿಂತಲೂ ಹೆಚ್ಚು ಕಾಪಾಡುತ್ತದೆ.

ಮನೆಯಲ್ಲೇ ಫೈಬರ್ ಇದೆ, ಹಳೆಯ ಕಂಪ್ಯೂಟರಿದೆ, ಅದನ್ನೇ ಸರ್ವರ್ ಮಾಡಿದರೇನು ಎಂದು ಕೇಳುವವರಿದ್ದಾರೆ. ಮಾಡಬಹುದು, ಆದರೆ ಮನೆಯ ಸಂಪರ್ಕದ ಐಪಿ ವಿಳಾಸ ಬದಲಾಗುತ್ತಿರುತ್ತದೆ, ಹಲವು ಕಡೆ ನೂರಾರು ಮನೆಗೆ ಒಂದೇ ವಿಳಾಸ ಹಂಚಿರುವುದರಿಂದ ಹೊರಗಿನವರು ಒಳಬರಲು ದಾರಿಯೇ ಇರುವುದಿಲ್ಲ. ವಿದ್ಯುತ್ ಕಂಪನಿ ಸೆಸ್ಕ್‌ನ ಕರೆಂಟು ಹೋದರೆ ಸೈಟೂ ಹೋಗುತ್ತದೆ. ಕಾಲೇಜಿನ ಗ್ರಂಥಾಲಯದ ಪಟ್ಟಿ, ಆಸ್ಪತ್ರೆಯ ಒಳಗಿನ ಟೋಕನ್ ವ್ಯವಸ್ಥೆ ಮುಂತಾದ, ಕಟ್ಟಡದ ಒಳಗೇ ಬಳಕೆಯಾಗುವ ಕೆಲಸಕ್ಕೆ ಮಾತ್ರ ಸ್ವಂತ ಯಂತ್ರವೇ ಮೇಲು, ಇಂಟರ್‌ನೆಟ್ ಕೆಟ್ಟ ದಿನವೂ ನಡೆಯುತ್ತದೆ. ಫೇಸ್‌ಬುಕ್ ಪುಟ, ವಾಟ್ಸಾಪ್ ಸಾಕಲ್ಲ ಎನ್ನುವವರ ಮಾತಿನಲ್ಲೂ ನಿಜವಿದೆ. ಹೆದ್ದಾರಿ ಬದಿಯಲ್ಲಿ ಮದ್ದೂರು ವಡೆ ಮಾರುವ ಹೋಟೆಲಿಗೆ ಗೂಗಲ್ ಮ್ಯಾಪಿನಲ್ಲಿ ಸರಿಯಾದ ಗುರುತು, ಫೋನ್ ನಂಬರು, ತೆರೆದಿರುವ ಹೊತ್ತು ಇದ್ದರೆ ಸಾಕು, ಹೋಸ್ಟಿಂಗ್ ಗೊಡವೆ ಬೇಡ. ಆರ್ಡರು, ಪತ್ರ ವ್ಯವಹಾರ, ದಾಖಲೆ ಎಲ್ಲ ಅಲ್ಲೇ ನಡೆಯತೊಡಗಿದರೆ ಕಥೆ ಬೇರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಆರು ಗಂಟೆಯಷ್ಟು ಕಾಲ ಜಗತ್ತಿನಾದ್ಯಂತ ನಿಂತವು. ಒಂದು ಕಾಲಕ್ಕೆ ಲಕ್ಷಾಂತರ ಜನ ಪುಕ್ಕಟೆ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿತು. ಪುಕ್ಕಟೆ ಕೊಟ್ಟವರಿಗೆ ಮುಂದುವರಿಸುವ ಕರಾರೇನೂ ಇರುವುದಿಲ್ಲ.

ಸರ್ವರ್ ಯಾವ ದೇಶದಲ್ಲಿದೆ ಎಂಬುದನ್ನೂ ವಿಚಾರಿಸಬೇಕು. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಮೆರಿಕದ ಪೂರ್ವ ಕರಾವಳಿ ಮಂಡ್ಯದಿಂದ 14,000 ಕಿಲೋಮೀಟರಿನಷ್ಟು ದೂರ. ಹೋಗಿಬರಲು ಸೆಕೆಂಡಿನ ಏಳರಲ್ಲೊಂದು ಪಾಲು ಬೇಕೇ ಬೇಕು, ಕೇಬಲಿನ ಸುತ್ತು ಬಳಸು ಸೇರಿದರೆ ಇನ್ನೂ ಹೆಚ್ಚು. ಒಂದು ಪುಟ ತೆರೆಯಲು ಇಂಥ ಹತ್ತಾರು ಹೋಗಿಬರುವಿಕೆ ಆಗುವುದರಿಂದ ಮುಂಬೈ, ಬೆಂಗಳೂರಿನ ಸರ್ವರ್ ಚುರುಕೆನಿಸುತ್ತದೆ. ಸಹಕಾರ ಸಂಘಗಳಿಗೆ ಕಾನೂನಿನ ಮಾತೂ ಇದೆ. ಸದಸ್ಯರ ಆಧಾರ್, ಫೋನ್, ಸಾಲದ ವಿವರ ಇಟ್ಟುಕೊಂಡವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಯಂತ್ರ ಹೋಸ್ಟಿಂಗ್ ಕಂಪನಿಯದಾದರೂ ಸದಸ್ಯನಿಗೆ ಉತ್ತರ ಹೇಳಬೇಕಾದದ್ದು ಸಂಘವೇ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿ, ದೇಶದ 63,000 ಸಂಘಗಳಿಗೆ ಕ್ಲೌಡಿನ ಮೇಲೆ ಓಡುವ ಒಂದೇ ತಂತ್ರಾಂಶ ಕೊಡಲು ಹೊರಟದ್ದು ಭೂಮಿ ನಡೆದ ದಾರಿಯಲ್ಲೇ. ಪ್ರತಿ ಹಳ್ಳಿಯ ಸಂಘವೂ ಯಂತ್ರ ಸಾಕಲಾರದು ಎಂಬುದು ಅಲ್ಲಿಯೂ ಆಧಾರ.

ಜಿಲ್ಲೆಯ ಮಟ್ಟಿಗೆ ಸರಿಯಾದ ಹೋಸ್ಟಿಂಗ್ ಲೆಕ್ಕ ಹಾಕಲು ತಕ್ಕ ಸಂದರ್ಭವೊಂದನ್ನು ಹೆಸರಿಸುವುದಾದರೆ, 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಂಥದ್ದು. ಇಂಥ ಕೂಟದ ವೆಬ್‌ಸೈಟಿಗೆ ಮೂರು ಜನ್ಮ. ಮೊದಲ ತಿಂಗಳುಗಳಲ್ಲಿ ಆಹ್ವಾನಪತ್ರ, ವಸತಿ ವಿವರ. ಶೇರ್ಡ್ ಹೋಸ್ಟಿಂಗ್ ಸಾಕು. ನೋಂದಣಿಯ ಗಡಿ ಮತ್ತು ಆ ಮೂರು ದಿನ ಜನ ಮುಗಿಬೀಳುತ್ತಾರೆ; ಆಗ ಕ್ಲೌಡಿಗೆ ಹೋಗಿ, ಬಿಲ್ಲಿಗೆ ಕಟ್ಟು ಹಾಕಿ, ಮುಗಿದ ಕೂಡಲೇ ಇಳಿಯಬೇಕು. ಆಮೇಲಿನದು ಹೆಚ್ಚು ಕಾಲ ಬಾಳಬೇಕಾದದ್ದು: ಭಾಷಣಗಳು, ಗೋಷ್ಠಿಯ ಪ್ರಬಂಧಗಳು, ನಿರ್ಣಯಗಳು, ಫೋಟೊಗಳು. ಲಾಗಿನ್, ಡೇಟಾಬೇಸ್ ಎಲ್ಲ ತೆಗೆದು ಬರಿಯ ಸ್ಥಿರ ಪುಟಗಳಾಗಿ ಮಾಡಿದರೆ ಅವನ್ನು ಇಡಲು ಖರ್ಚೇ ಇಲ್ಲವೆನ್ನಬಹುದು. ಗಿಟ್‌ಹಬ್‌ನಂಥ ಕಡೆ ಪುಕ್ಕಟೆಯೂ ಉಂಟು, ಪುಕ್ಕಟೆಯದು ಮುಚ್ಚಿದರೆ ಕಚೇರಿಯಲ್ಲಿರುವ ಪ್ರತಿಯನ್ನು ಒಂದು ಮಧ್ಯಾಹ್ನದಲ್ಲಿ ಬೇರೆಡೆಗೆ ಏರಿಸಬಹುದು. ಒಡೆದು ಒಳನುಗ್ಗಲು ಅಲ್ಲಿ ತಂತ್ರಾಂಶವೇ ಇರದ ಕಾರಣ ಕಳ್ಳರ ಕಾಟವೂ ಇಲ್ಲದಷ್ಟೇ. ವರ್ಷಾವರ್ಷ ಉಳಿಯುವ ಖರ್ಚು ಡೊಮೇನಿನ ಆ ಸಾವಿರ ರೂಪಾಯಿ. ಸ್ವಾಗತ ಸಮಿತಿ ಸಮ್ಮೇಳನದ ಲೆಕ್ಕ ಒಪ್ಪಿಸಿ ವಿಸರ್ಜನೆಯಾಗುವಂಥದ್ದು, ಅದರ ಹೆಸರಿನಲ್ಲಿ ನೋಂದಣಿ ಬೇಡ. ಪ್ರತಿ ವರ್ಷ ಬಜೆಟ್ ಮಂಡಿಸುವ, ಇಮೇಲ್ ತೆರೆದು ನೋಡುವ ಗುಮಾಸ್ತರಿರುವ ಒಂದು ಕಚೇರಿಯ ಹೆಸರಿನಲ್ಲಿ ಮೊದಲ ದಿನವೇ ಬರೆಸಬೇಕು, ಹತ್ತು ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಲು ನೋಂದಣಿದಾರರು ಅವಕಾಶ ಕೊಡುತ್ತಾರೆ.